ಐದೂವರೆಯ ಸ್ವಿಚ್ಚು, ಹಸಿರು ರೇಸ್ ಗಾಡಿ

ಮನೆಯ ಪಕ್ಕದ ವರ್ಕ್‌ಶಾಪಿಗೆ ಹೊಸದಾಗಿ ಸೇರುವ ಹುಡುಗರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ಮೊದಲು ಏನು ಕಲಿಯಬೇಕು? ಬೆಸುಗೆಯೋ, ಲೇಥೋ, ಕಂಪ್ಯೂಟರಿನಲ್ಲಿ ಡ್ರಾಯಿಂಗ್ ತೆಗೆಯುವುದೋ? ಮೊದಲು ನೆಲದ ಮೇಲೆ ಮಲಗುವುದನ್ನು ಕಲಿಯಿರಿ ಎನ್ನುತ್ತೇನೆ. ಅವರು ನಗುತ್ತಾರೆ. ನಾನು ಬಿಡಿಸಿ ಹೇಳಲು ಹೋಗುವುದಿಲ್ಲ. ಹೇಳಲು ಅರ್ಧ ದಿನ ಬೇಕು, ಈಗ ಹೆಚ್ಚು ಮಾತಾಡಿದರೆ ದಣಿವಾಗುತ್ತದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ನಾನು ಬೀದರ್ ಕಡೆಯವನು. ಹೈದರಾಬಾದಿನ ಸನತ್‌ನಗರದ ಒಂದು ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ಫೋರ್‌ಮನ್ ಆಗಿ ನಿವೃತ್ತನಾದೆ. ಪೈಪು, ತಗಡು, ಆಂಗಲ್ಲುಗಳನ್ನು ಕತ್ತರಿಸಿ, ಬೆಸೆದು, ಬೇಕಾದ ಆಕಾರಕ್ಕೆ ತರುವುದು ಆ ಶೆಡ್ಡಿನ ಕೆಲಸ. ಯಾವ ವರ್ಷ ಯಾವ ಬಡ್ತಿ ಬಂತು ಎಂಬುದನ್ನು ಬರೆಯುವುದಿಲ್ಲ. ಅದರಿಂದ ಯಾರಿಗೂ ಉಪಯೋಗವಿಲ್ಲ. ಫೋರ್‌ಮನ್ ಕೆಲಸ ಮಾಡುವವನಲ್ಲ, ಮಾಡಿದ ಕೆಲಸವನ್ನು ನೋಡುವವನು. ಇಷ್ಟು ಅರ್ಥವಾಗಲು ನನಗೆ ಬಹಳ ವರ್ಷ ಹಿಡಿಯಿತು.

ನನ್ನನ್ನು ತಿದ್ದಿದವರು ಟ್ರೈನಿಂಗ್ ಶಾಪಿನ ಮಾಸ್ತರು. ಎಂಟೂವರೆಗೆ ಹಾಜರಿ. ಎಂಟು ಮೂವತ್ತೊಂದಕ್ಕೆ ಬಂದವನು ಬಾಗಿಲ ಹೊರಗೆ ಊಟದ ಹೊತ್ತಿನವರೆಗೆ ನಿಲ್ಲಬೇಕು. ಹನ್ನೆರಡೂವರೆಗೆ ಡಬ್ಬಿ ಬಿಚ್ಚಬೇಕು. ಐದಕ್ಕೆ ಉಪಕರಣಗಳನ್ನು ಒರೆಸಿ ಗೋಡೆಯ ಮೊಳೆಗೆ ತೂಗುಹಾಕಲು ಆರಂಭಿಸಬೇಕು. ಐದೂವರೆಗೆ ಮೇನ್ ಸ್ವಿಚ್ ಕೆಳಗೆ. ಈ ಕೊನೆಯ ನಿಯಮಕ್ಕೆ ಕಾರಣವಿತ್ತು. ನಮ್ಮ ತಂಡದ ಒಬ್ಬ, ಇನ್ನೊಂದೇ ತುಂಡು ಎಂದು ಹೊತ್ತು ಮೀರಿ ಲೇಥಿನ ಮುಂದೆ ನಿಂತು ಎರಡು ಬೆರಳು ಕಳೆದುಕೊಂಡಿದ್ದ. ಮಾಸ್ತರು ಆ ಬೆರಳುಗಳನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಆಸ್ಪತ್ರೆಗೆ ಓಡಿದ್ದನ್ನು ನಾನು ನೋಡಿದ್ದೆ. ಹಿಂತಿರುಗಿ ಬಂದವರು, "ಸುಸ್ತಾದ ಕೈ ಮಶೀನಿಗೆ ಕೊಡಬ್ಯಾಡ್ರಿ" ಎಂದಷ್ಟೇ ಹೇಳಿದರು. ಆಮೇಲೆ ನಾನು ಎಲ್ಲಿ ಕೆಲಸ ಮಾಡಿದರೂ ಐದೂವರೆಯ ಸ್ವಿಚ್ಚು ನನ್ನ ಕೈಯಲ್ಲೇ ಇತ್ತು.

ನಮ್ಮ ಶೆಡ್ಡಿನಲ್ಲಿ ಇನ್ನೊಂದು ಪದ್ಧತಿಯನ್ನು ನಾನೇ ತಂದಿದ್ದೆ. ಎರಡು ತುಂಡುಗಳನ್ನು ಬೆಸೆಯುವಾಗ ಮೊದಲು ಅಲ್ಲಲ್ಲಿ ಒಂದೊಂದು ಚುಕ್ಕೆ ಹಾಕಿ ಹಿಡಿದು ನಿಲ್ಲಿಸುತ್ತಾರೆ. ಇದಕ್ಕೆ ಟ್ಯಾಕ್ ಎನ್ನುತ್ತೇವೆ. ಅಳತೆ ಸರಿಯಿದ್ದರೆ ಆಮೇಲೆ ಪೂರ್ತಿ ಬೆಸುಗೆ. ಬಟ್ಟೆಗೆ ಕಚ್ಚಾ ಹೊಲಿಗೆ, ಪಕ್ಕಾ ಹೊಲಿಗೆ ಇದ್ದಂತೆ. ಟ್ಯಾಕ್ ಆದರೆ ವೆಲ್ಡರ್ ಪಕ್ಕದಲ್ಲಿ ಚಾಕ್‌ಪೀಸಿನಿಂದ ಒಂದು ಗೀಟು ಎಳೆಯಬೇಕು. ಪೂರ್ತಿಯಾದರೆ ಎರಡನೆಯ ಗೀಟು. ನಾನು ನೋಡಿ ಗೀಟುಗಳ ಸುತ್ತ ಸೊನ್ನೆ ಹಾಕಬೇಕು. ಸೊನ್ನೆ ಇಲ್ಲದ ಮಾಲು ಪೇಂಟರನ ಕಡೆ ಹೋಗುವಂತಿಲ್ಲ. ಈ ಪದ್ಧತಿಯ ಬಗ್ಗೆ ನನಗೆ ಹೆಮ್ಮೆಯಿತ್ತು. ಇತ್ತು ಎಂದೇ ಬರೆಯುತ್ತೇನೆ.

ಆಗ ಐಟಿ ಭರಾಟೆ ಶುರುವಾಗಿತ್ತು. ಮೊದಲು ಔಷಧಿ ಕಾರ್ಖಾನೆಗಳ ಟ್ಯಾಂಕು, ಸ್ಟ್ಯಾಂಡು ಮಾಡುತ್ತಿದ್ದ ನಾವು ಆಫೀಸುಗಳ ಮೆಟ್ಟಿಲಿನ ಕಂಬಿ, ಕ್ಯಾಂಟೀನಿನ ಮೇಜು, ಗಾಜಿನ ಕಟ್ಟಡಗಳ ಬೋರ್ಡಿನ ಚೌಕಟ್ಟುಗಳಿಗೆ ಇಳಿದೆವು. ಟ್ಯಾಂಕು ಸೋರಬಾರದು. ಮೇಜು ಹೊಳೆದರೆ ಸಾಕು. ಹನ್ನೆರಡು ಜನರಿದ್ದ ಶೆಡ್ಡಿನಲ್ಲಿ ಐವರು ಉಳಿದೆವು. ಉಳಿದವರಲ್ಲಿ ಶರಣಪ್ಪ ಒಬ್ಬ.

ಶರಣಪ್ಪ ಶಹಾಬಾದಿನವನು. ಹದಿನಾಲ್ಕು ವರ್ಷ ನನ್ನ ಕೈಕೆಳಗೆ ವೆಲ್ಡರ್ ಆಗಿದ್ದ. ನನ್ನನ್ನು ಮಾಸ್ತರ್ ಎಂದೇ ಕರೆಯುತ್ತಿದ್ದ. ಅವನ ಬೆಸುಗೆ ಒಮ್ಮೆಯೂ ಬಾಯಿ ಬಿಟ್ಟಿರಲಿಲ್ಲ. ಶೆಡ್ಡಿನಲ್ಲಿ ಕೆಲಸ ಇಳಿಯುತ್ತಿದ್ದುದನ್ನು ಅವನೂ ಕಂಡಿದ್ದ. ಗಲ್ಫಿಗೆ ವೆಲ್ಡರುಗಳನ್ನು ಕಳಿಸುವ ಏಜೆಂಟರೊಬ್ಬರು ಅಮೀರ್‌ಪೇಟ್‌ನಲ್ಲಿ ಪರೀಕ್ಷೆ ಇಟ್ಟಿದ್ದರು. ವಯಸ್ಸಿನ ಮಿತಿಯಿಂದಾಗಿ ಅವನಿಗೆ ಅದೇ ಕೊನೆಯ ಅವಕಾಶ. ಜೊತೆಗೆ, ಇಷ್ಟು ವರ್ಷ ಕೆಲಸ ಮಾಡಿದ್ದಾನೆ, ಕೆಲಸ ಚೆನ್ನಾಗಿದೆ ಎಂದು ಮಾಲೀಕರ ಸಹಿಯ ಪತ್ರ ಬೇಕಿತ್ತು. ಪತ್ರವನ್ನು ನಾನೇ ಇಂಗ್ಲಿಷಿನಲ್ಲಿ ಬರೆದೆ. ಹದಿನಾಲ್ಕು ವರ್ಷಗಳಲ್ಲಿ ಇವನ ಒಂದು ಬೆಸುಗೆಯೂ ಬಿಟ್ಟಿಲ್ಲ ಎಂದು ಅದರಲ್ಲಿ ಒಂದು ಸಾಲು ಸೇರಿಸಿದೆ. ಸಹಿಯೊಂದು ಬಾಕಿ ಇತ್ತು.

ಅದೇ ದಿನಗಳಲ್ಲಿ ರಶ್ಮಿ ಬಂದಳು. ಮೈಸೂರಿನ ಹುಡುಗಿ, ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ, ಅಮೀರ್‌ಪೇಟ್‌ನ ಹಾಸ್ಟೆಲಿನಲ್ಲಿ ವಾಸ. ಕಂಪನಿಯ ವಾರ್ಷಿಕ ದಿನಕ್ಕೆ ಪುಟ್ಟ ಗಾಡಿಗಳ ರೇಸ್ ಇತ್ತು. ಪ್ರತಿ ತಂಡ ತನ್ನ ಗಾಡಿಯನ್ನು ತಾನೇ ಕಟ್ಟಬೇಕು, ಹಳೆಯ ಕಾಲದ ರೇಸ್ ಕಾರಿನ ಹಾಗೆ ಕಾಣಬೇಕು. ಬೆಸುಗೆ ಮಾತ್ರ ಹೊರಗೆ ಮಾಡಿಸಬಹುದು.

"ಡ್ರಾಯಿಂಗ್ ಎಲ್ಲೈತಿ?" ಎಂದೆ.

ಇಂಟರ್‌ನೆಟ್ಟಿನಿಂದ ತೆಗೆದ ಒಂದು ಚಿತ್ರವನ್ನು ಕೊಟ್ಟಳು. ಸುರುಟಿದ ಸಿಗಾರಿನಂಥ ಮೈ, ಕಡ್ಡಿಗಳ ಚಕ್ರ, ಮೂತಿಯ ಮೇಲೆ ಚರ್ಮದ ಪಟ್ಟಿ.

"ಇದು ಫೋಟೋ."

"ಡ್ರಾಯಿಂಗ್ ಮಾಡಕ್ಕೆ ನೀವೇ ಹೇಳಿಕೊಡಿ ಸರ್. ಗಾಡಿ ಕಟ್ತೀನಿ ಅಂದಿದ್ದಕ್ಕೆ ನಮ್ಮ ಟೀಮಿನ ಹುಡುಗರು ಇನ್ನೂ ನಗ್ತಾ ಇದಾರೆ."

ಶರಣಪ್ಪ ಮುಖಕವಚ ಎತ್ತಿ ಚಿತ್ರ ನೋಡಿದ. "ಮಾಸ್ತರ್ರ, ಟೇಬಲ್ ಮಾಡಿ ಮಾಡಿ ಬ್ಯಾಸರಾಗೈತಿ. ತಗೋರಿ ಇದನ್ನ."

ಮಾಲೀಕರು ಒಪ್ಪಿದರು. ನಾನು ಎರಡು ಷರತ್ತು ಹಾಕಿದೆ: ಒಂದು, ನೆಲದ ಮೇಲೆ ಪೂರ್ಣ ಅಳತೆಯ ಗೆರೆ ಎಳೆದ ಮೇಲಷ್ಟೇ ಪೈಪಿಗೆ ಗರಗಸ; ಎರಡು, ಅವಳು ಬರುವ ಶನಿವಾರಗಳಲ್ಲಿ ಎಂಟೂವರೆಗೆ ಹಾಜರಿ. ಮೊದಲ ಶನಿವಾರ ಇಡೀ ದಿನ ಒಂದೇ ತಗಡಿನ ಅಂಚಿಗೆ ಅರ ಹಾಕಿಸಿದೆ. ಮೂಲೆಮಟ್ಟ ಇಟ್ಟು ಬೆಳಕಿಗೆ ಹಿಡಿದರೆ ಸಂದಿನಲ್ಲಿ ಬೆಳಕು ಕಾಣಬಾರದು. ಸಂಜೆ ಅವಳ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. "ಇನ್ನ ಬರೂದಿಲ್ಲ ಬಿಡ್ರಿ ಆಕಿ" ಎಂದ ಶರಣಪ್ಪ. ಮುಂದಿನ ಶನಿವಾರ ಎಂಟೂ ಇಪ್ಪತ್ತೈದಕ್ಕೆ ಶಟರಿನ ಮುಂದೆ ನಿಂತಿದ್ದಳು.

ನನ್ನ ವೃತ್ತಿಯಲ್ಲಿ ಕಟ್ಟಿದ ವಸ್ತುಗಳಲ್ಲಿ ಆ ಗಾಡಿಯಷ್ಟು ಚೆಂದದ್ದು ಬೇರೆ ಇಲ್ಲ. ಚೌಕ ಪೈಪಿನ ಚಾಸಿ. ಹಿಂದಿನ ಅಚ್ಚಿಗೆ ನಮ್ಮ ರ‍್ಯಾಕಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಒಂದಿಂಚಿನ ಸಲಾಕೆ. ಗುಜರಿಯಿಂದ ತಂದ ಹಳೆಯ ಸ್ಕೂಟರ್ ಎಂಜಿನ್ನು, ಚೈನು. ಕಡ್ಡಿಗಳ ನೋಟ ಬರಲೆಂದು ಮೊಪೆಡ್ಡಿನ ಚಕ್ರಗಳು. ಮೈಗೆ ಅಲ್ಯುಮಿನಿಯಂ ತಗಡು. ಮರಳು ತುಂಬಿದ ಚೀಲದ ಮೇಲಿಟ್ಟು ಮರದ ಕೊಡತಿಯಿಂದ ತಟ್ಟಿ ತಟ್ಟಿ ದೋಣಿಯ ಹಿಂಭಾಗದಂತೆ ಬಾಗಿಸಿದೆವು. ಮೂತಿ ಮಾತ್ರ ಎಷ್ಟು ತಟ್ಟಿದರೂ ಗುಂಡಗಾಗಲಿಲ್ಲ. ಕೊನೆಗೆ ಶರಣಪ್ಪ ಮದುವೆ ಅಡುಗೆಯ ಹಳೆಯ ಡೇಗೊಂದನ್ನು, ಎಂದರೆ ದೊಡ್ಡ ಹಂಡೆಯನ್ನು, ಹುಡುಕಿ ತಂದು ಅದರ ತಳ ಕತ್ತರಿಸಿದ. ಅಳತೆ ಹಿಡಿದಂತೆ ಕೂತಿತು.

"ಅಕ್ಕಾರ, ರೇಸ್ ಸೋತ್ರ ಚಿಂತಿ ಮಾಡಬ್ಯಾಡ್ರಿ. ಇದರಾಗ ಬಿರ್ಯಾನಿ ಮಾಡ್ರಿ."

"ಗೆದ್ರೂ ಮಾಡಣ ಶರಣಪ್ಪ. ಇನ್ನರ್ಧ ಡೇಗ್ ಎಲ್ಲಿ?"

ಮೂತಿಯ ಪಟ್ಟಿಗೆ ನನ್ನ ಹಳೆಯ ಸೊಂಟಪಟ್ಟಿ ಕೊಟ್ಟೆ. ಇಷ್ಟು ಹುಮ್ಮಸ್ಸು ನನ್ನಲ್ಲಿ ಉಳಿದಿದೆ ಎಂದು ನನಗೇ ಗೊತ್ತಿರಲಿಲ್ಲ.

ಈಗ ಆ ಗುರುವಾರಕ್ಕೆ ಬರುತ್ತೇನೆ. ಸ್ಟೀರಿಂಗಿನ ಕಂಬದ ಕೆಳತುದಿಯನ್ನು ಹಿಡಿದಿಡಲು ಚಾಸಿಗೆ ಒಂದು ಬ್ರಾಕೆಟ್ಟನ್ನು ಬೆಸೆಯಬೇಕಿತ್ತು. ಅದು ಬಿಟ್ಟರೆ ಚಕ್ರಗಳಿಗೂ ಓಡಿಸುವವರ ಕೈಗೂ ಸಂಬಂಧವಿರುವುದಿಲ್ಲ. ಅದರ ಬೆಸುಗೆ ಹಾಕಬೇಕಾದದ್ದು ಚಾಸಿಯ ಕೆಳಮೈಗೆ. ಶರಣಪ್ಪ ಬೆನ್ನ ಮೇಲೆ ಮಲಗಿ ಎರಡು ಟ್ಯಾಕ್ ಹಾಕಿ, ಅಳತೆ ನೋಡಿ, ಬ್ರಾಕೆಟ್ಟಿನ ಪಕ್ಕ ಚಾಸಿಯ ಹೊರಬದಿಗೆ, ನಿಂತವರಿಗೂ ಕಾಣುವಂತೆ, ಒಂದು ಗೀಟು ಎಳೆದಿದ್ದ. ಅಷ್ಟರಲ್ಲಿ ಪಕ್ಕದ ಕಾರ್ಖಾನೆಯ ಸೈರನ್ ಕೂಗಿತು. ನಾನು ಸ್ವಿಚ್ಚಿನ ಬಳಿ ಹೋದೆ.

"ಹತ್ತು ನಿಮಿಷ ಕೊಡ್ರಿ ಮಾಸ್ತರ್ರ. ಬ್ರಾಕೆಟ್ಟಿಂದು ಕೆಳಗ ಉಳದೈತಿ."

"ಹೊತ್ತಾತು. ನಾಳಿ ಮಾಡು."

"ನಾಳಿ ನಾನು..."

ನಾನು ಸ್ವಿಚ್ ಕೆಳಗೆಳೆದೆ. ಅವನು ಮಾತು ಮುಗಿಸಲಿಲ್ಲ. ಮರುದಿನ ಅವನು ರಜೆಯಲ್ಲಿದ್ದ. ಏಜೆಂಟರಿಗೆ ಕಾಗದಪತ್ರ ಕೊಡಲು ಅಮೀರ್‌ಪೇಟ್‌ಗೆ ಹೋಗಬೇಕಿತ್ತು. ರಜೆಯ ಚೀಟಿಗೆ ಸಹಿ ಹಾಕಿದವನು ನಾನೇ.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ತಪಾಸಣೆ. ಗಾಡಿ ಮರದ ದಿಮ್ಮಿಗಳ ಮೇಲೆ ಇತ್ತು. ಪೇಂಟರ್ ಯಾದಗಿರಿ ಬಣ್ಣ ಕಲಸಿಕೊಂಡು ಕಾದಿದ್ದ. ಭಾನುವಾರ ಓಡಿಸಿ ನೋಡುವುದು, ಅಷ್ಟರಲ್ಲಿ ಬಣ್ಣ ಒಣಗಬೇಕು.

"ಕಾನಿಯ್ಯಂಡಿ ಮಾಸ್ಟಾರು, ಪೇಂಟ್ ಎಂಡಿಪೋತುಂದಿ" ಎಂದು ಅವಸರ ಮಾಡಿದ. ಬಣ್ಣ ಡಬ್ಬಿಯಲ್ಲೇ ಒಣಗುತ್ತಿದೆಯಂತೆ.

ನಾನು ಚಾಕ್‌ಪೀಸ್ ಹಿಡಿದು ಗಾಡಿಯ ಸುತ್ತ ನಡೆದೆ. ನಿಂತಲ್ಲಿಂದಲೇ ಕಾಣುತ್ತಿದ್ದ ಗೀಟುಗಳಿಗೆ ಒಂದೊಂದಾಗಿ ಸೊನ್ನೆ ಹಾಕಿದೆ. ಬ್ರಾಕೆಟ್ಟಿನ ಪಕ್ಕ ಒಂದೇ ಗೀಟಿತ್ತು. ಅದು ನನ್ನ ಕಣ್ಣಿಗೆ ಬಿದ್ದಿತ್ತು, ಅದರಲ್ಲಿ ಅನುಮಾನವಿಲ್ಲ. ಆದರೂ ಸೊನ್ನೆ ಹಾಕಿದೆ. ಕೈ ಮೂವತ್ತು ವರ್ಷಗಳ ರೂಢಿಯಲ್ಲಿ ತಾನೇ ತಿರುಗಿತು. ಬಗ್ಗಿ ಕೆಳಗೆ ನೋಡಲಿಲ್ಲ. ಜಾಬ್ ರಿಜಿಸ್ಟರಿನಲ್ಲಿ "ನೋಡಲಾಗಿದೆ" ಎಂದು ಬರೆದು, ಹೊತ್ತನ್ನೂ ಬರೆದು, ಸಹಿ ಮಾಡಿದೆ. ಯಾದಗಿರಿ ಬಣ್ಣ ಹಚ್ಚುವ ಮುನ್ನ ಎಂದಿನಂತೆ ಒದ್ದೆ ಬಟ್ಟೆಯಿಂದ ಚಾಕಿನ ಗುರುತೆಲ್ಲ ಒರೆಸಿದ. ಮಧ್ಯಾಹ್ನದ ಹೊತ್ತಿಗೆ ಗಾಡಿ ಕಡು ಹಸಿರಾಗಿತ್ತು.

ಭಾನುವಾರ ಇಂಡಸ್ಟ್ರಿಯಲ್ ಎಸ್ಟೇಟಿನ ರಸ್ತೆಗಳು ಖಾಲಿ ಇರುತ್ತವೆ. ರಶ್ಮಿ ಹೆಲ್ಮೆಟ್ ಹಾಕಿ ಕೂತಳು. ನಾನು, ಯಾದಗಿರಿ ಬದಿಯಲ್ಲಿ ನಿಂತಿದ್ದೆವು. ಶರಣಪ್ಪ ಮನೆಯಲ್ಲಿ ಪರೀಕ್ಷೆಯ ತಯಾರಿಯಲ್ಲಿದ್ದ. ಎರಡು ಸುತ್ತು ಚೆನ್ನಾಗಿ ಹೋದಳು. ಮೂರನೆಯ ಸುತ್ತಿನ ತಿರುವಿನಲ್ಲಿ ಗಾಡಿ ತಿರುಗಲೇ ಇಲ್ಲ. ನೇರವಾಗಿ ಹೋಗಿ ಮುಚ್ಚಿದ ಕಾರ್ಖಾನೆಯೊಂದರ ಗೇಟಿನ ಮುಂದಿದ್ದ ಬೂದಿಯ ಗುಡ್ಡೆಗೆ ನುಗ್ಗಿ ನಿಂತಿತು. ನಾವು ಓಡಿದೆವು. ಬೂದಿಯಲ್ಲಿ ಮಿಂದು ಕೂತಿದ್ದಳು. ಎಡಗೈ ಮಣಿಕಟ್ಟು ಆಗಲೇ ಊದಿತ್ತು.

"ಸರ್, ಸ್ಟೀರಿಂಗ್ ಊಟದ ತಟ್ಟೆ ಥರ ಸುಮ್ನೆ ತಿರುಗ್ತು ಸರ್" ಎಂದಳು. ನಗಲು ನೋಡಿದಳು, ಆಗಲಿಲ್ಲ. ಆಸ್ಪತ್ರೆಯಲ್ಲಿ ಮೂಳೆ ಬಿರಿದಿದೆ ಎಂದು ಪ್ಲಾಸ್ಟರ್ ಹಾಕಿದರು. ಗೋಡೆಯಿದ್ದಿದ್ದರೆ ಏನಾಗುತ್ತಿತ್ತು ಎಂದು ನಾನು ಇಂದಿಗೂ ಲೆಕ್ಕ ಹಾಕುತ್ತೇನೆ.

ಸೋಮವಾರ ಮಾಲೀಕರು ಬ್ರಾಕೆಟ್ಟನ್ನು ಕೈಯಲ್ಲಿ ಹಿಡಿದು ಎಲ್ಲರನ್ನೂ ಕರೆದರು. ಅದರ ಅಂಚಿನಲ್ಲಿ ಕಿತ್ತುಬಂದ ಎರಡು ಚುಕ್ಕೆಗಳಷ್ಟೇ ಇದ್ದವು.

"ಇದು ಯಾರ ವೆಲ್ಡಿಂಗು?"

ಶರಣಪ್ಪ ಬ್ರಾಕೆಟ್ಟನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ನಾನು ರಿಜಿಸ್ಟರನ್ನು ಎದೆಗೆ ಹಿಡಿದು ನಿಂತಿದ್ದೆ.

"ನಂದ ರೀ ಸಾರ್" ಎಂದ.

"ಹದಿನಾಲ್ಕು ವರ್ಷದ ಕೆಲಸ ಇದೇನಾ? ಇಪ್ಪುಡು ಲೆಟರ್ ಎಟ್ಲ ಇಸ್ತಂ?" ಎಂದರು ಮಾಲೀಕರು. ಈಗ ಪತ್ರ ಹೇಗೆ ಕೊಡುವುದು ಎಂಬುದು ಅವರ ಪ್ರಶ್ನೆ. ನಾನು ರಿಜಿಸ್ಟರನ್ನು ಬಿಚ್ಚಲಿಲ್ಲ.

ಇದನ್ನು ಓದುವ ಕಿರಿಯರು ಆಗ ನೀವೇಕೆ ಬಾಯಿ ಬಿಡಲಿಲ್ಲ ಎನ್ನಬಹುದು. ಸಮರ್ಥನೆ ಇಲ್ಲ. ನಿವೃತ್ತಿಗೆ ಎರಡು ವರ್ಷವಿತ್ತು. ಆ ಬೀದಿಯ ಶೆಡ್ಡುಗಳಲ್ಲೆಲ್ಲ ನನ್ನ ಶಿಸ್ತಿನ ಹೆಸರಿತ್ತು. ಒಂದು ನಿಮಿಷ ತಡವಾದವರನ್ನು ನಾನೂ ಅರ್ಧ ದಿನ ಹೊರಗೆ ನಿಲ್ಲಿಸಿದ್ದೆ. ಹನ್ನೆರಡೂವರೆಗೆ ಎಂದಿನಂತೆ ಡಬ್ಬಿ ಬಿಚ್ಚಿದೆ. ಹೊರಗೆ ಟೀ ಗಾಡಿಯ ಬಳಿ ಯಾದಗಿರಿ ಯಾರಿಗೋ ಹೇಳುತ್ತಿದ್ದ, ಶರಣಪ್ಪನ ಬೆಸುಗೆ ಬಿಟ್ಟಿತು ಎಂದು. ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು. ಮಂಗಳವಾರವೂ ನಾನು ಸುಮ್ಮನಿದ್ದೆ. ಶರಣಪ್ಪ ನನ್ನೊಂದಿಗೆ ಎಂದಿನಂತೆಯೇ ಮಾತಾಡಿದ, ಎಷ್ಟು ಬೇಕೋ ಅಷ್ಟು. ಗುರುವಾರ ಬೆಳಿಗ್ಗೆ ಅವನ ಪರೀಕ್ಷೆ. ಪತ್ರವಿಲ್ಲದವರನ್ನು ಒಳಗೆ ಬಿಡುವುದಿಲ್ಲ. ಸಹಿಯಿಲ್ಲದ ಪತ್ರ ನನ್ನ ಡ್ರಾಯರಿನಲ್ಲಿತ್ತು.

ಬುಧವಾರ ಮಧ್ಯಾಹ್ನ ರಶ್ಮಿ ಅರ್ಧ ದಿನದ ರಜೆ ಹಾಕಿ ಬಂದಳು. ಕೈ ಕೊರಳಿಗೆ ತೂಗಿತ್ತು. ಗಾಡಿಯನ್ನು ರಿಪೇರಿ ಮಾಡಿಸಿಯೇ ತೀರುವವಳು. ತಾನು ಓಡಿಸಲಾಗದಿದ್ದರೂ ಗಾಡಿ ಓಡಬೇಕಿತ್ತು. ಬ್ರಾಕೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿ ಕೇಳಿದಳು:

"ಇದನ್ನ ಚೆಕ್ ಮಾಡಿದ್ದು ಯಾರು ಸರ್?"

"ಯಾಕವಾ?"

"ನಮ್ಮಲ್ಲಿ ಪ್ರೋಗ್ರಾಮ್ ಕೆಟ್ರೆ ಬರೆದವರು ಯಾರು, ಚೆಕ್ ಮಾಡಿದವರು ಯಾರು, ಎರಡೂ ನೋಡ್ತೀವಿ. ಇಲ್ಲಿ ಎಲ್ರೂ ಬರೀ ಶರಣಪ್ಪ, ಶರಣಪ್ಪ ಅಂತಿದಾರೆ."

ಅವಳ ದನಿಯಲ್ಲಿ ಕುಹಕವಿರಲಿಲ್ಲ. ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ್ದಳು. ಶರಣಪ್ಪ ಅಲ್ಲೇ ಪೈಪು ಕತ್ತರಿಸುತ್ತಿದ್ದ, ಗರಗಸ ನಿಂತಿತು.

"ನಾನು" ಎಂದೆ. "ಚೆಕ್ ಮಾಡೇ ಇಲ್ಲ. ಮಾಡೀನಿ ಅಂತ ಸಹಿ ಹಾಕೀನಿ."

ಅಲ್ಲಿಂದ ನೇರವಾಗಿ ಮಾಲೀಕರ ಕೋಣೆಗೆ ಹೋದೆ. ಗುರುವಾರದ ಸ್ವಿಚ್ಚು, ರಜೆಯ ಚೀಟಿ, ಒಂದೇ ಗೀಟಿನ ಸುತ್ತ ಹಾಕಿದ ಸೊನ್ನೆ, ಎಲ್ಲವನ್ನೂ ಹೇಳಿದೆ. "ಈ ವಯಸ್ಸಲ್ಲಿ ನಿಮಗೆ ಇದೆಲ್ಲ ಯಾಕೆ ಮಾಸ್ಟಾರು? ಹುಡುಗಿ ಕಂಪ್ಲೇಂಟ್ ಕೊಟ್ಟಿಲ್ಲ, ಶರಣಪ್ಪ ಒಪ್ಪಿಕೊಂಡಿದ್ದಾನೆ" ಎಂದರು. ನಾನು ರಿಜಿಸ್ಟರ್ ತೆರೆದೆ. "ನೋಡಲಾಗಿದೆ" ಎಂಬುದನ್ನು ಒಂದೇ ಗೆರೆಯಲ್ಲಿ ಹೊಡೆದು, "ನೋಡಿರಲಿಲ್ಲ" ಎಂದು ಬರೆದು, ಕೆಳಗೆ ಸಹಿ ಮಾಡಿ ಅವರ ಮುಂದಿಟ್ಟೆ. ಅದರ ಮೇಲೆ ಪತ್ರವನ್ನಿಟ್ಟೆ. ಅವರು ಎರಡನ್ನೂ ಓದಿ ಪತ್ರಕ್ಕೆ ಸಹಿ ಹಾಕಿದರು. ಮರುದಿನದಿಂದ ತಪಾಸಣೆಗೆ ನನ್ನೊಬ್ಬನದೇ ಸಹಿ ಸಾಲದು, ವೆಲ್ಡರನದೂ ಬೇಕು ಎಂದರು. ಒಪ್ಪಿದೆ. ಅವಮಾನವಾಯಿತೇ ಎಂದರೆ, ಆಯಿತು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಶರಣಪ್ಪ ಪರೀಕ್ಷೆಯಲ್ಲಿ ಪಾಸಾದ, ಎರಡು ತಿಂಗಳಲ್ಲಿ ವಿಮಾನ ಹತ್ತಿದ. ರಶ್ಮಿಯ ಗಾಡಿಯನ್ನು ಅವಳ ಟೀಮಿನ ಹುಡುಗನೊಬ್ಬ ಓಡಿಸಿ, ಐದರಲ್ಲಿ ನಾಲ್ಕನೆಯವನಾದ. ಎಂಜಿನ್ನು ಹಳೆಯದು, ಅಷ್ಟೇ ಅದರ ಕೈಲಾದದ್ದು. ಬ್ರಾಕೆಟ್ ಕೂದಲೆಳೆಯಷ್ಟೂ ಅಲುಗಲಿಲ್ಲ ಎಂದು ಅವಳು ಫೋನ್ ಮಾಡಿ ಹೇಳಿದಳು. ಆ ಶೆಡ್ಡು ಈಗ ಇಲ್ಲ. ಆದರೆ ನಾನು ಹೇಳಬೇಕೆಂದು ಕೂತದ್ದು ಆ ಬುಧವಾರದ ಸಂಜೆಯ ಹತ್ತು ನಿಮಿಷ.

ಪತ್ರವನ್ನು ಶರಣಪ್ಪನ ಕೈಗೆ ಕೊಟ್ಟಾಗ ನಾಲ್ಕೂ ಮುಕ್ಕಾಲು. ಅವನಿಗೆ ಇಂಗ್ಲಿಷ್ ಬಾರದು. ರಶ್ಮಿ ಓದಿ ಹೇಳಿದಳು. ಬೆಸುಗೆಯ ಸಾಲು ಬಂದಾಗ ಇನ್ನೊಮ್ಮೆ ಓದಿಸಿದ. ಮಡಚಿ ಜೇಬಿನಲ್ಲಿಟ್ಟುಕೊಂಡ.

"ಅವತ್ತು ನಂದೇ ಅಂತ ಯಾಕಂದಿ?" ಎಂದು ಕೇಳಿದೆ.

"ನಂದ ಅಲ್ಲೇನ್ರಿ ಮತ್ತ? ಅರ್ಧ ಆದ್ರೂ ನಂದ. ನಿಮ್ಮ ಹೆಸರು ಹೇಳಿದ್ರ, ಮಾಸ್ತರ್ರ ಮ್ಯಾಲ ಹಾಕಾಕತ್ತಾನ ಅಂತಿದ್ರು. ಗೀಟ ಎಲ್ಲಿತ್ತು ತೋರಿಸಾಕ? ಯಾದಗಿರಿ ಒರಸಿಬಿಟ್ಟಿದ್ದ." ಆಮೇಲೆ ಗಾಡಿಯ ಕಡೆ ನೋಡಿದ. "ಕಾಗದದಾಗ ಒಂದೂ ಬಿಟ್ಟಿಲ್ಲ ಅಂತ ಬರದೀರಿ. ಅದಿನ್ನೂ ಹಂಗ ಬಿದ್ದೈತಿ. ಮುಗಿಸಿ ಹೋಗ್ತೀನಿ."

ಗಾಡಿಯನ್ನು ದಿಮ್ಮಿಗಳ ಮೇಲೆ ಏರಿಸಿದೆವು. ಬಣ್ಣ ಕೆರೆದು, ಬ್ರಾಕೆಟ್ಟನ್ನು ಕೂರಿಸಿ, ಅಳತೆ ನೋಡಿ, ಅವನು ಕೆಳಗೆ ಮಲಗಿ ಎರಡು ಟ್ಯಾಕ್ ಹಾಕಿದ. ಗೀಟು ಎಳೆದ. ಸೈರನ್ ಕೂಗಿತು. ನನಗೆ ಗೊತ್ತಿಲ್ಲದೆಯೇ ನಾನು ಸ್ವಿಚ್ಚಿನ ಬಳಿ ಬಂದು ನಿಂತಿದ್ದೆ. ಕೈ ಅದರ ಹಿಡಿಯ ಮೇಲಿತ್ತು.

ಗಾಡಿಯ ಕೆಳಗಿನಿಂದ ದನಿ ಬಂತು: "ಮಾಸ್ತರ್ರ, ಹೊತ್ತಾತು ನೋಡ್ರಿ."

ರಶ್ಮಿ ನಕ್ಕಳು. ನಾನು ಕೈ ತೆಗೆದೆ.

"ಮಾಡು."

ನೀಲಿ ಬೆಳಕು ಗೋಡೆಯ ಮೇಲೆ ತೂಗಿದ್ದ ಸುತ್ತಿಗೆ, ಅರ, ಮೂಲೆಮಟ್ಟಗಳ ಮೇಲೆ ಹಾರಿ ಹಾರಿ ಬಿತ್ತು. ಎಲ್ಲ ತಮ್ಮ ತಮ್ಮ ಮೊಳೆಯಲ್ಲಿದ್ದವು. ಐದೂ ನಲವತ್ತಕ್ಕೆ ಬೆಳಕು ನಿಂತಿತು. ಶರಣಪ್ಪ ಬೆಸುಗೆಯ ಮೇಲೆ ಕಟ್ಟಿದ ಕರಿ ಪದರವನ್ನು ಕುಟ್ಟಿ ತೆಗೆದು, ಬ್ರಶ್ ಉಜ್ಜಿ, ಎರಡನೆಯ ಗೀಟು ಎಳೆದ. ಹೊರಗೆ ಜಾರಿ ಬಂದು, ಎದ್ದು, ಚಾಕ್‌ಪೀಸನ್ನು ನನ್ನ ಕಡೆ ಹಿಡಿದ.

ನಾನು ಕನ್ನಡಕ ಸರಿಮಾಡಿಕೊಂಡೆ. ಒಗೆದ ಅಂಗಿಯಲ್ಲೇ ಆ ಎಣ್ಣೆಯ ನೆಲದ ಮೇಲೆ ಬೆನ್ನು ಹಚ್ಚಿ ಮಲಗಿ, ತೆವಳಿಕೊಂಡು ಗಾಡಿಯ ಕೆಳಗೆ ಹೋದೆ. ಬೆಸುಗೆ ಇನ್ನೂ ಬಿಸಿಯಿತ್ತು, ಮುಖಕ್ಕೆ ತಾಗುತ್ತಿತ್ತು. ಈ ತುದಿಯಿಂದ ಆ ತುದಿಯವರೆಗೆ ನೋಡಿದೆ. ಇನ್ನೊಮ್ಮೆ ನೋಡಿದೆ. ಆಮೇಲೆ ಸೊನ್ನೆ ಹಾಕಿದೆ.